ನಿಮಗಿದು ಗೊತ್ತೇ? ಮದ್ರಾಸಿನ ಕೆರೆಗಿಳಿಯುತ್ತಿದ್ದ ಯುದ್ಧವಿಮಾನಗಳು

★ ಚೆನ್ನೈಗೆ ಕುಡಿಯುವ ನೀರು ಕೊಡುವ ಪುಳಲ್ ಕೆರೆ, ಅಂದರೆ ರೆಡ್‌ಹಿಲ್ಸ್ ಕೆರೆ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ! 1942ರಿಂದ ಇಲ್ಲಿದ್ದ 240ನೇ ಸ್ಕ್ವಾಡ್ರನ್ನಿನ ಕ್ಯಾಟಲೀನಾ ವಿಮಾನಗಳಿಗೆ ರನ್‌ವೇ ಬೇಕಿರಲಿಲ್ಲ. ನೀರಿನಿಂದಲೇ ಏರುತ್ತಿದ್ದವು, ನೀರಿಗೇ ಇಳಿಯುತ್ತಿದ್ದವು.

★ ಒಮ್ಮೆ ಹಾರಿದರೆ ಇಪ್ಪತ್ತು ಗಂಟೆಗಿಂತ ಹೆಚ್ಚು ಹೊತ್ತು ಆಕಾಶದಲ್ಲೇ ಇರಬಲ್ಲ ವಿಮಾನ ಅದು. ಬಂಗಾಳ ಕೊಲ್ಲಿಯಲ್ಲಿ ಜಪಾನಿ ಜಲಾಂತರ್ಗಾಮಿಗಳನ್ನು ಹುಡುಕುವುದು, ಸರಕು ಹಡಗುಗಳಿಗೆ ಕಾವಲಾಗುವುದು ಅದರ ಕೆಲಸ. 1944ರಲ್ಲಿ ಇದೇ ಕೆರೆಯಲ್ಲಿ ಹುಟ್ಟಿದ 628ನೇ ಸ್ಕ್ವಾಡ್ರನ್ನಿಗೆ ರಹಸ್ಯ ಕಾರ್ಯಾಚರಣೆಗಳ ಹೊಣೆಯಿತ್ತು. ಅದು ಬಾಳಿದ್ದು ಕೆಲವೇ ತಿಂಗಳು.

★ ಮದ್ರಾಸಿಗೆ ಅಷ್ಟೊಂದು ಕಾವಲು ಏಕೆ? 1942ರ ಏಪ್ರಿಲ್ 5ರಂದು ಕೊಲಂಬೊ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನಿ ಬಾಂಬುಗಳು ಬಿದ್ದವು. ಮುಂದಿನ ಸರದಿ ಮದ್ರಾಸಿನದೇ ಎಂಬ ಭೀತಿಯಲ್ಲಿ ಜನ ಸಿಕ್ಕ ರೈಲು ಹತ್ತಿ ಊರು ಬಿಟ್ಟರು, ಸರ್ಕಾರಿ ಕಚೇರಿಗಳೂ ಹೊರಗಿನ ಊರುಗಳಿಗೆ ಹೋದವು. ಬಾಂಬು ಬಿದ್ದು ಪಂಜರ ಒಡೆದರೆ ಅಪಾಯವೆಂದು ಮೃಗಾಲಯದ ಕ್ರೂರಮೃಗಗಳನ್ನು ಗುಂಡಿಕ್ಕಿ ಕೊಂದರು. ದಂಡೆತ್ತಿ ಬರುತ್ತದೆ ಎಂದಿದ್ದ ಜಪಾನಿ ಸೇನೆ ಬರಲೇ ಇಲ್ಲ. ಪಾಪ, ಆ ಮೂಕಪ್ರಾಣಿಗಳು.

★ ರೆಡ್‌ಹಿಲ್ಸ್‌ನಿಂದ ಉತ್ತರಕ್ಕೆ ಹೋದರೆ ಚೋಳವರಂ. ಆ ಹಳ್ಳಿಯ ವಿಮಾನನೆಲೆಯಲ್ಲಿ ವೆಂಜೆನ್ಸ್ ಎಂಬ ಬಾಂಬರ್‌ಗಳಿದ್ದವು. ಗುರಿಯ ಮೇಲೆ ನೆಟ್ಟಗೆ ಕೆಳಕ್ಕೆ ಧುಮುಕಿ ಬಾಂಬು ಹಾಕುವುದು ಅವುಗಳ ವೈಶಿಷ್ಟ್ಯ. 1944ರಲ್ಲಿ 27 ಮತ್ತು 47ನೇ ಸ್ಕ್ವಾಡ್ರನ್‌ಗಳು ಬ್ಯೂಫೈಟರ್ ವಿಮಾನಗಳೊಡನೆ ಇಲ್ಲಿಗೆ ಬಂದವು.

★ ಅಲ್ಲಿಂದ 47ನೇ ಸ್ಕ್ವಾಡ್ರನ್ ಹೋದದ್ದು ನಮ್ಮ ಯಲಹಂಕಕ್ಕೆ! ಮಸ್ಕಿಟೊ ವಿಮಾನ ಹಾರಿಸಲು ಪೈಲಟ್‌ಗಳು ಕಲಿಯುತ್ತಿದ್ದುದು ಅಲ್ಲಿ. ಮಸ್ಕಿಟೊದ ಮೈ, ರೆಕ್ಕೆ ಎಲ್ಲವೂ ಮರದ್ದೇ, ಅಂಟಿನಿಂದ ಕೂಡಿಸಿದ್ದು. ಕೆಲವು ವಿಮಾನಗಳ ರೆಕ್ಕೆ ಹಾರಾಟದಲ್ಲೇ ಮುರಿದದ್ದರಿಂದ 1944ರ ನವೆಂಬರ್‌ನಲ್ಲಿ ಭಾರತದಲ್ಲಿದ್ದ ಮಸ್ಕಿಟೊಗಳನ್ನೆಲ್ಲ ನೆಲಕ್ಕಿಳಿಸಿ ತಪಾಸಣೆ ಮಾಡಬೇಕಾಯಿತು.

★ ಕ್ಯಾಟಲೀನಾ ಕೆಟ್ಟರೆ? ರಿಪೇರಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಸಮುದ್ರವಿಲ್ಲದ ಊರಿಗೆ ಹಾರಿಬಂದ ಈ ನೀರವಿಮಾನಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಇಂದು ನೊರೆ ಕಾರುವ ಅದೇ ಕೆರೆ. ನೆನೆದರೆ ಸಂಕಟವಾಗುತ್ತದೆ.

★ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ನೆಲೆಯಲ್ಲಿ ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರ್‌ಗಳಿದ್ದವು. ಯುದ್ಧ ಮುಗಿದಾಗ ಇಂಥ ಲಿಬರೇಟರ್‌ಗಳು ಕಾನ್ಪುರದಲ್ಲಿ ಗುಜರಿಗೆ ಬಿದ್ದವು. ಯಾರೂ ಬಳಸದಂತೆ ಬೇಕೆಂದೇ ಅವನ್ನು ಹಾಳುಗೆಡವಲಾಗಿತ್ತು. ಎಚ್‌ಎಎಲ್‌ನವರು ಹಾರಬಲ್ಲಷ್ಟು ಸರಿಮಾಡಿ ಒಂದೊಂದಾಗಿ ಬೆಂಗಳೂರಿಗೆ ತಂದರು. ಹಾರಿಸಿ ತಂದವರು ಪೈಲಟ್ ಜಮ್ಷೆಡ್ ಮುನ್ಷಿ. ಸುಮಾರು ನಲವತ್ತು ವಿಮಾನಗಳಿಗೆ ಹೀಗೆ ಮರುಜೀವ ಬಂತು. 1948ರ ನವೆಂಬರ್‌ನಲ್ಲಿ ಸ್ವತಂತ್ರ ಭಾರತದ ಬಾಂಬರ್ ದಳ, 5ನೇ ಸ್ಕ್ವಾಡ್ರನ್, ಕಟ್ಟಿದ್ದು ಇವುಗಳಿಂದಲೇ. 1968ರವರೆಗೂ ಅವು ಹಾರಿದವು. ನಮ್ಮ ಕೆಲಸಗಾರರ ಈ ಸಾಹಸ ಶಾಲೆಯ ಪಠ್ಯದಲ್ಲಿರಬೇಕಾದದ್ದು.

★ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೆ 1974ರಲ್ಲಿ ಲಿಬರೇಟರ್ ಕೊಟ್ಟದ್ದು ಭಾರತ.

★ ಯುದ್ಧಾನಂತರ ಚೋಳವರಂ ರನ್‌ವೇ ಮೇಲೆ ಓಡಿದ್ದು ರೇಸ್ ಕಾರುಗಳು, ಬೈಕುಗಳು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬರುವವರೆಗೂ ಮದ್ರಾಸಿನ ರೇಸಿಂಗ್ ಎಂದರೆ ಚೋಳವರಂ.

★ ಯುದ್ಧಕಾಲದ ಅರಕ್ಕೋಣಂ ನೆಲೆ ಮಾತ್ರ ಹಳೆಯ ಕಸುಬನ್ನು ಬಿಟ್ಟಿಲ್ಲ. 1992ರ ಮಾರ್ಚ್ 11ರಿಂದ ಅದು ನೌಕಾಪಡೆಯ ಐಎನ್‌ಎಸ್ ರಾಜಾಳಿ. ಜಲಾಂತರ್ಗಾಮಿ ಬೇಟೆಯ ಪಿ-8ಐ ವಿಮಾನಗಳು ಇಂದಿಗೂ ಅಲ್ಲಿಂದ ಬಂಗಾಳ ಕೊಲ್ಲಿಯತ್ತ ಹಾರುತ್ತವೆ.

★ ಚೆನ್ನೈ ವಿಮಾನ ನಿಲ್ದಾಣಕ್ಕೆ ಹತ್ತಿರದ ನಂದಂಬಾಕ್ಕಂನಲ್ಲಿ, ಮೌಂಟ್–ಪೂನಮಲ್ಲಿ ರಸ್ತೆಯ ಬದಿಗೆ ಮದ್ರಾಸ್ ಯುದ್ಧ ಸ್ಮಶಾನವಿದೆ. ಆ ಯುದ್ಧದಲ್ಲಿ ಮಡಿದ 850ಕ್ಕೂ ಹೆಚ್ಚು ಮಂದಿಯ ಸಮಾಧಿಗಳು ಅಲ್ಲಿವೆ. ಚೆನ್ನೈಗೆ ಹೋದವರು ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.