ಕುಣಿಮಗ್ಗದ ಕೇರಿಗಳು

ತೆಲಂಗಾಣದ ನೈಋತ್ಯ ಅಂಚಿನಲ್ಲಿ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ತೆಲುಗು ಆಡಳಿತ ಭಾಷೆಯಾಗಿದ್ದರೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಭೀಮೆಯು ಕೃಷ್ಣೆಯನ್ನು ಕೂಡುವ ಕೃಷ್ಣಾ ಮಂಡಲದಂತಹ ಗಡಿಭಾಗದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಈ ನಂಟಿಗೆ ಹಳೆಯ ಆಡಳಿತದ ನಕ್ಷೆಯೂ ಒಂದು ಕಾರಣ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತಾದರೂ, ಅದೇ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಹಬೂಬನಗರ ಜಿಲ್ಲೆಯ ಪಾಲಾದವು.

ಗದ್ವಾಲವು ನಿಜಾಮರಿಗೆ ಕಪ್ಪ ಕೊಡುತ್ತ ತನ್ನದೇ ಅರಸು ಮನೆತನವನ್ನು ಹೊಂದಿದ್ದ ಸಂಸ್ಥಾನವಾಗಿತ್ತು. ಆ ಮನೆತನದ ಕೋಟೆಯೊಳಗೆ ಇಂದು ಚೆನ್ನಕೇಶವನ ಗುಡಿಯೂ ಸರ್ಕಾರಿ ಪದವಿ ಕಾಲೇಜೂ ಇವೆ. ಆದರೆ ಊರಿನ ಜೀವ ಇರುವುದು ಕೋಟೆಗಿಂತ ಹೆಚ್ಚಾಗಿ ನೇಕಾರರ ಮನೆಗಳ ನೆಲದಲ್ಲಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ತುಳಿಮಣೆಗಳನ್ನು ತುಳಿಯುತ್ತ ನೇಯುವ ಮಗ್ಗವೇ ಕುಣಿಮಗ್ಗ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿಗೊಂದು, ಎರಡೂ ಅಂಚುಗಳಿಗೆ ಒಂದೊಂದು ಲಾಳಿ ಹಿಡಿದು, ಅಡ್ಡ ಎಳೆಯಾದ ಹೊಕ್ಕನ್ನು ಎರಡು ನೂಲುಗಳು ಕೂಡುವ ಕಡೆ ಒಂದಕ್ಕೊಂದು ಕೊಕ್ಕೆ ಹಾಕಿಸುತ್ತ ಹೋಗುವ ಈ ನೇಯ್ಗೆಗೆ ಕುಪ್ಪಡಂ ಎಂದು ಹೆಸರು. ಸೆರಗಿನ ರೇಷ್ಮೆ ಹಾಸನ್ನು, ಅಂದರೆ ಉದ್ದ ಎಳೆಗಳನ್ನು, ಒಡಲಿನ ಹತ್ತಿಯ ಹಾಸಿಗೆ ಎಳೆ ಎಳೆಯಾಗಿ ಸೇರಿಸಬೇಕಾಗುತ್ತದೆ. ಇಳಕಲ್ ಸೀರೆಯಲ್ಲಿ ಸೆರಗನ್ನು ಒಡಲಿಗೆ ಸೇರಿಸುವ ಕೊಂಡಿಯನ್ನು ಬಲ್ಲ ಕಣ್ಣಿಗೆ ಈ ಕೆಲಸ ಪರಿಚಿತವೆನಿಸೀತು.

ಚೌಕುಳಿ ಸೀರೆಗಳಿಗೆ ಹೆಸರಾದ ನಾರಾಯಣಪೇಟೆ 2019ರಲ್ಲಿ ಜಿಲ್ಲಾ ಕೇಂದ್ರವಾಯಿತು. ಬಹುಕಾಲ ಈ ಊರಿನ ಹೆಸರು ಹೊತ್ತ ರೈಲು ನಿಲ್ದಾಣವೇ ಊರಲ್ಲಿರಲಿಲ್ಲ. ನಾರಾಯಣಪೇಟೆ ರೋಡ್ ಎಂಬ ನಿಲ್ದಾಣವಿದ್ದದ್ದು ಈಗಿನ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಮಕ್ತಲ್ ಮಹಬೂಬನಗರ–ರಾಯಚೂರು ಹೆದ್ದಾರಿಯ ಊರು. 2013ರಲ್ಲಿ ಗದ್ವಾಲ–ರಾಯಚೂರು ರೈಲು ಓಡಿತು, 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಹೊಸ ಮಾರ್ಗ ಉದ್ಘಾಟನೆಗೊಂಡಿತು. ಹೀಗೆ ರಾಯಚೂರಿನ ಹಳೆಯ ದಾರಿಗಳು ಹಳಿಯ ರೂಪದಲ್ಲಿ ಮರಳಿವೆ.

ಜಿಲ್ಲಾ ಕಚೇರಿಗಳೂ ರೈಲೂ ಬಂದ ಮೇಲೆ ನಿವೇಶನಗಳ ಬೆಲೆ ಏರುವುದು, ಹಳೆಯ ಮನೆಗಳ ಜಾಗದಲ್ಲಿ ಮಹಡಿಗಳು ಏಳುವುದು ಯಾವ ಊರಿನಲ್ಲೂ ಸಹಜ. ಆದರೆ ಕುಣಿಮಗ್ಗ ಮಹಡಿ ಹತ್ತಲಾರದು. ಅದಕ್ಕೆ ಮಣ್ಣಿನ ನೆಲವೂ ಹಾಸು ಚಾಚುವಷ್ಟು ಉದ್ದದ ಜಾಗವೂ ಬೇಕು. ಗದ್ವಾಲ, ನಾರಾಯಣಪೇಟೆ ಎರಡೂ ಊರಿನ ಸೀರೆಗಳಿಗೆ ಭೌಗೋಳಿಕ ಗುರುತು, ಅಂದರೆ ಆ ಹೆಸರನ್ನು ಆ ಸೀಮೆಯ ಉತ್ಪನ್ನಕ್ಕಷ್ಟೇ ಕಾಯ್ದಿಡುವ ಕಾನೂನಿನ ರಕ್ಷಣೆ, ದೊರೆತಿದೆ. ನೇಯುವ ಮನೆಯ ನೆಲವನ್ನು ಅದು ಕಾಯುವುದಿಲ್ಲ. ಆದ್ದರಿಂದ ಇಲ್ಲಿನ ಕೇರಿಗಳಿಗೆ ನಾಳಿನ ನಕ್ಷೆ ಬರೆಯುವವರು ರಸ್ತೆಯ ಅಗಲವನ್ನು ಅಳೆಯುವ ಮೊದಲು ಪ್ರತಿ ಮಗ್ಗದ ಕುಣಿಯನ್ನೂ ಗುರುತಿಸಬೇಕು, ಗಡಿಭಾಗದ ಕನ್ನಡ ಶಾಲೆಗಳನ್ನೂ ಅದೇ ನಕ್ಷೆಯಲ್ಲಿ ಕಾಣಿಸಬೇಕು.