ಹೆಸರನ್ನು ಮರೆಸಿದ ಮನೆಯ ವೈಫೈ

ಸಂಜೆಯ ಏಳು ಗಂಟೆ. ಅಮೆರಿಕೆಯಿಂದ ಮಗಳು ತಂದುಕೊಟ್ಟುಹೋದ ಟ್ಯಾಬ್ಲೆಟ್ಟನ್ನು ಮುಂದಿಟ್ಟುಕೊಂಡು ಅಜ್ಜಿ ಕುಳಿತಿದ್ದಾರೆ. ಮಗಳ ಮುಖವನ್ನು ಅದರಲ್ಲಿ ಕಾಣಬೇಕೆಂಬ ಆಸೆ. ನೆರೆಹೊರೆಯ ವೈಫೈ ಹೆಸರುಗಳೆಲ್ಲ ಪರದೆಯ ಮೇಲೆ ಸಾಲಾಗಿ ನಿಂತಿವೆ. ತಮ್ಮ ಮನೆಯದು ಮಾತ್ರ ಇಲ್ಲ! ಅದೇ ಕೋಣೆಯಲ್ಲಿ ಮೊಮ್ಮಗನ ಫೋನು ನಿರಾತಂಕವಾಗಿ ನಡೆಯುತ್ತಿದೆ.

ಇಂತಹ ಪ್ರಸಂಗ ಹಲವು ಮನೆಗಳಲ್ಲಿ ಉಂಟು. ಟ್ಯಾಬ್ಲೆಟ್ಟು ಕೆಟ್ಟಿತೆಂದು ಅಂಗಡಿಗೆ ಹೊರಡುವ ಮುನ್ನ, ಕ್ಷೇಮಕ್ಕೆಂದು ಯಾರಾದರೂ ವೈಫೈ ಹೆಸರನ್ನು ಮರೆಸಿಟ್ಟಿದ್ದಾರೆಯೆ ಎಂದು ವಿಚಾರಿಸುವುದು ಒಳ್ಳೆಯದು.

ರೂಟರು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಇರವನ್ನು ಸಾರುತ್ತಿರುತ್ತದೆ. ಹೆಸರನ್ನು ಮರೆಸಿದಾಗ ಈ ಡಂಗುರ ನಿಲ್ಲುವುದಿಲ್ಲ. ಹೆಸರಿನ ಸ್ಥಾನ ಮಾತ್ರ ಬರಿದಾಗುತ್ತದೆ. ಮೊದಲೇ ಪರಿಚಯವಿದ್ದ ಫೋನು ತಾನಾಗಿ ಹೆಸರು ಹಿಡಿದು ಕೂಗಿ ಒಳಸೇರುತ್ತದೆ. ಹೊಸದಾಗಿ ಬಂದ ಟ್ಯಾಬ್ಲೆಟ್ಟಿಗೆ ಆ ಹೆಸರನ್ನು ಯಾರಾದರೂ ಹೇಳಿಕೊಡಬೇಕು.

ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಿ 'ನೆಟ್‌ವರ್ಕ್ ಸೇರಿಸಿ' ಎಂಬಲ್ಲಿಯೂ, ಐಪ್ಯಾಡಿನಲ್ಲಿ 'ಇತರ' ಎಂಬಲ್ಲಿಯೂ ಹೆಸರನ್ನು ಬರೆಯಬೇಕು. ಆಂಡ್ರಾಯ್ಡಿನಲ್ಲಿ ಇದು ಮರೆಯಾದ ನೆಟ್‌ವರ್ಕೆಂದು ಬೇರೆಯಾಗಿ ಸೂಚಿಸಬೇಕಾಗುವುದೂ ಉಂಟು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಬೇರೆಬೇರೆ. ಕೊನೆಯಲ್ಲಿ ಅರಿಯದೆ ಬಿದ್ದ ಒಂದು ತೆರವು ಕೂಡ ಹೆಸರನ್ನು ಕೆಡಿಸುತ್ತದೆ. ಭದ್ರತೆಯ ಬಗೆಯೂ ರೂಟರಿನಲ್ಲಿರುವುದಕ್ಕೆ ಹೊಂದಬೇಕು.

ಇಷ್ಟಾದರೂ ಸೇರದಿದ್ದರೆ, ಹೆಸರನ್ನು ಸ್ವಲ್ಪ ಹೊತ್ತು ಬಹಿರಂಗಗೊಳಿಸಿ ನೋಡುವುದೇ ಉತ್ತಮ ಪರೀಕ್ಷೆ. ಆಗ ಸುಲಭವಾಗಿ ಸೇರಿದರೆ, ತಪ್ಪಿದ್ದುದು ಹೆಸರು ಮೊದಲಾದವನ್ನು ಬರೆದ ರೀತಿಯಲ್ಲಿ. ಹೆಸರು ಕಂಡೂ ಪ್ರವೇಶ ದೊರೆಯದಿದ್ದರೆ, ಗುಪ್ತಪದವನ್ನೂ, ರೂಟರಿನಲ್ಲಿ ಅನುಮತಿಯ ಪಟ್ಟಿಯಿದ್ದರೆ ಅದನ್ನೂ ನೋಡಬೇಕು. ಇತ್ತೀಚಿನ ಟ್ಯಾಬ್ಲೆಟ್ಟುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸಕ್ಕೆ ಬದಲಾಗಿ ಕಲ್ಪಿತ ವಿಳಾಸವನ್ನು ಕೊಡುವುದರಿಂದ ಪಟ್ಟಿಯ ಕಾವಲುಗಾರ ಅವನ್ನು ಗುರುತಿಸಲಾರ. ಹೆಸರೇ ಕಾಣದಿದ್ದರೆ ದೋಷ ಅಲೆಗಳದು. 5 ಗಿಗಾಹರ್ಟ್ಸಿನ ಅಲೆ ಗೋಡೆಗಳನ್ನು ದಾಟುವಾಗ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸಿನಲ್ಲಿಯಾದರೋ, ಅಮೆರಿಕೆಯಲ್ಲಿ ಕೊಂಡ ಕೆಲವು ಸಾಧನಗಳು 12 ಮತ್ತು 13ನೆಯ ಚಾನೆಲುಗಳನ್ನು ಆಲಿಸುವುದಿಲ್ಲ. ರೂಟರನ್ನು 1, 6 ಅಥವಾ 11ಕ್ಕೆ ತಿರುಗಿಸಿದರೆ ಸಾಕು.

ಆದರೆ ಮುಖ್ಯ ಪ್ರಶ್ನೆ ಬೇರೆಯೇ ಇದೆ: ಹೆಸರನ್ನು ಮರೆಸಿದ್ದರಿಂದ ಬಂದ ಲಾಭವೇನು? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತು, ಅಷ್ಟೆ. ಮನೆಯ ಸಾಧನವೊಂದು ಒಳಸೇರುವಾಗಲೆಲ್ಲ ಆ ಹೆಸರು ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ. ಹಿಡಿಯಬಲ್ಲವರಿಗೆ ಅದು ಕಷ್ಟವಲ್ಲ. ಅಷ್ಟೇ ಅಲ್ಲ, ಮರೆಯಾದ ಹೆಸರನ್ನು ನೆನಪಿಟ್ಟ ಟ್ಯಾಬ್ಲೆಟ್ಟು ರೈಲ್ವೆ ನಿಲ್ದಾಣದಲ್ಲಿಯೂ ಪೇಟೆಯಲ್ಲಿಯೂ 'ನಮ್ಮ ಮನೆ ಇಲ್ಲಿದೆಯೆ?' ಎಂದು ಅದನ್ನು ಕೂಗುತ್ತ ತಿರುಗಬಹುದು. ಮನೆಯಲ್ಲಿ ಮುಚ್ಚಿಟ್ಟ ಗುಟ್ಟು ಬೀದಿಯಲ್ಲಿ ರಟ್ಟು!

ನಿಜವಾದ ರಕ್ಷಣೆಯಿರುವುದು ಬೀಗದಲ್ಲಿ. 2004ರಲ್ಲಿ ಬಂದ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಭದ್ರತೆ, ಊಹೆಗೆ ನಿಲುಕದ ಉದ್ದನೆಯ ಗುಪ್ತಪದ, ಕಾಲಕಾಲಕ್ಕೆ ನವೀಕರಿಸಿದ ರೂಟರು: ಇವಿದ್ದರೆ ಹೆಸರು ಬಹಿರಂಗವಾಗಿದ್ದರೂ ಭಯವಿಲ್ಲ. ಹಾಗೆ ಬಹಿರಂಗಗೊಳಿಸಿದ ಮೇಲೆ ಟ್ಯಾಬ್ಲೆಟ್ಟಿನಲ್ಲಿ ಹಳೆಯ ದಾಖಲೆಯನ್ನು ಅಳಿಸಿ ಹೊಸದಾಗಿ ಸೇರಿಸಬೇಕು. ಇಲ್ಲವಾದರೆ ಕೂಗುವ ಚಾಳಿ ಬಿಡುವುದಿಲ್ಲ.

ಬಾಗಿಲ ಮೇಲೆ ಹೆಸರಿನ ಹಲಗೆಯಿರಲಿ, ಒಳಗೆ ಗಟ್ಟಿಯಾದ ಅಗುಳಿಯಿರಲಿ. ಅಜ್ಜಿಯೂ ಮಗಳ ಮುಖವನ್ನು ಕಾಣಲು ಮೊಮ್ಮಗನ ಫೋನಿಗಾಗಿ ಕಾಯಬೇಕಾಗಿಲ್ಲ.