ನೀರು ಸುರಿದರೂ ಬಿಡದ ಸೋಡಿಯಂ

ಬೆಳಗಾವಿಯಲ್ಲಿ ರೈಲು ಹತ್ತಿದರೆ ದೇಸೂರ ದಾಟಿದ ಮೇಲೆ ಖಾನಾಪುರ. ಅಲ್ಲಿನ ಜೇಡಿಮಣ್ಣು, ಹೆಂಚು, ಮಡಕೆಗಳಿಗೆ ಹಳೆಯ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ತಿಗರಿಯ ಮೇಲೆ ಮೂಡದ ಆಕಾರಗಳನ್ನು ಕುಂಬಾರಿಕೆಯಲ್ಲಿ ಅಚ್ಚಿಗೆ ಎರೆದು ಮಾಡುತ್ತಾರೆ. ಅದಕ್ಕೆ ಮಣ್ಣು ಹರಿಯುವಷ್ಟು ತೆಳುವಾಗಬೇಕು, ನೀರು ಮಾತ್ರ ಹೆಚ್ಚಬಾರದು. ಸೋಡಿಯಂ ಸಿಲಿಕೇಟನ್ನೋ ಸೋಡಿಯಂ ಪಾಲಿಅಕ್ರಿಲೇಟನ್ನೋ ತುಸುವೇ ಬೆರೆಸಿದರೆ ಗಟ್ಟಿ ಕೆಸರು ಸರಾಗ ಹರಿಯತೊಡಗುತ್ತದೆ.

ಈ ಪಾಲಿಅಕ್ರಿಲೇಟ್ ವಿಚಿತ್ರ ವಸ್ತು. ಅದೊಂದು ಉದ್ದನೆಯ ಅಣುಸರಪಳಿ. ಅದರುದ್ದಕ್ಕೂ 0.25 ನ್ಯಾನೊಮೀಟರಿಗೊಂದರಂತೆ ಋಣ ವಿದ್ಯುದಂಶಗಳು. ನೀರಿಗೆ ಬಿದ್ದಾಗ ಅಡುಗೆ ಉಪ್ಪಿನ ಸೋಡಿಯಂನಂತೆ ಇದರ ಸೋಡಿಯಂ ಕೂಡ ಬಿಡಿಯಾಗಿ ಓಡಾಡಬೇಕಿತ್ತು. ಆದರೆ ದ್ರಾವಣದ ವಿದ್ಯುತ್ ವಾಹಕತೆ ಅಳೆದರೆ ಲೆಕ್ಕಕ್ಕಿಂತ ಬಹಳ ಕಡಿಮೆ. 1950ರಲ್ಲಿ ಅಮೆರಿಕದ ಹುಯಿಜೆಂಗಾ, ಗ್ರೀಗರ್, ವಾಲ್ ವಿಕಿರಣಶೀಲ ಸೋಡಿಯಂ ಬಳಸಿ ನೋಡಿದಾಗ, ಧನ ಅಯಾನಾದ ಸೋಡಿಯಂನ ಒಂದು ಪಾಲು ಧನಾಗ್ರದ ಕಡೆಗೇ ಸಾಗುತ್ತಿತ್ತು! ಸರಪಳಿ ಅದನ್ನು ತನ್ನೊಡನೆ ಎಳೆದೊಯ್ಯುತ್ತಿತ್ತು.

ಕಾರಣ ಸರಳ. ನೀರಿನಲ್ಲಿ ಎರಡು ಏಕಮಾನ ವಿದ್ಯುದಂಶಗಳ ಸೆಳೆತ ಮತ್ತು ಉಷ್ಣದ ಗದ್ದಲ ಸರಿದೂಗುವ ದೂರ ಸುಮಾರು 0.7 ನ್ಯಾನೊಮೀಟರ್. ಸರಪಳಿಯ ವಿದ್ಯುದಂಶಗಳು ಅದಕ್ಕಿಂತ ಒತ್ತೊತ್ತಾಗಿದ್ದರೆ, ನಿವ್ವಳ ಅಂತರ ಅಷ್ಟಾಗುವವರೆಗೆ ಸೋಡಿಯಂ ಅಂಟಿಕೊಳ್ಳುತ್ತದೆ. ಜಪಾನಿನ ಓಸಾವಾ ತೋರಿದ ಈ ದಾರಿಗೆ 1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ಖಚಿತ ಗಣಿತ ಕೊಟ್ಟರು. ಪಾಲಿಅಕ್ರಿಲೇಟಿನಲ್ಲಿ ಸುಮಾರು ಮೂರನೇ ಎರಡು ಪಾಲು ಸೋಡಿಯಂ ಸೆರೆ. ನಮ್ಮ ಡಿಎನ್‌ಎಯಲ್ಲಿ ಮುಕ್ಕಾಲು ಪಾಲು.

ನನಗೆ ಬಹಳ ಹಿಡಿಸುವ ಸಂಗತಿ ಇದರ ಮುಂದಿನದು. ವಿನೆಗರಿಗೆ ನೀರು ಬೆರೆಸಿದಷ್ಟೂ ಅದರ ಆಮ್ಲ ಹೆಚ್ಚು ಹೆಚ್ಚು ಬಿಡಿ ಅಯಾನುಗಳಾಗುತ್ತದೆ. ಸರಪಳಿ ಹಾಗಲ್ಲ. ಎಷ್ಟೇ ನೀರು ಸುರಿಯಿರಿ, ಸರಪಳಿಗಳು ಒಂದಕ್ಕೊಂದು ದೂರವಾಗುತ್ತವೆಯೇ ಹೊರತು ಒಂದೇ ಸರಪಳಿಯ ವಿದ್ಯುದಂಶಗಳ ನಡುವಿನ ಅಂತರ ಹಿಗ್ಗುವುದಿಲ್ಲ. ಹಾಗಾಗಿ ಹಿಡಿತವೂ ಸಡಿಲದು.

ಎರಡು ಧನ ವಿದ್ಯುದಂಶಗಳ ಕ್ಯಾಲ್ಸಿಯಂ ಬಂದರೆ ಸೋಡಿಯಂ ಅನ್ನು ತಳ್ಳಿ ಇನ್ನೂ ಬಿಗಿಯಾಗಿ ಕೂರುತ್ತದೆ. ಮಣ್ಣಿನ ಕಣಗಳೂ ಕ್ಯಾಲ್ಸಿಯಂ ಸಿಕ್ಕರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಡಸು ನೀರಿನಿಂದಲೋ ಪ್ಲಾಸ್ಟರ್ ಅಚ್ಚಿನ ಚೂರುಗಳಿಂದಲೋ ಅದು ಸೇರಿದರೆ ಎರಕದ ಮಣ್ಣು ಮತ್ತೆ ಹೆಪ್ಪುಗಟ್ಟುತ್ತದೆ. ಆಗ ಸಿಲಿಕೇಟ್ ಸುರಿಯುತ್ತ ಹೋಗಬೇಡಿ, ಅತಿಯಾದರೆ ಅದೇ ಮಣ್ಣನ್ನು ಗಟ್ಟಿ ಮಾಡುತ್ತದೆ. ಮೊದಲು ಬೋರಿನ ನೀರಿನ ಗಡಸುತನ ಪರೀಕ್ಷೆ ಮಾಡಿಸಿ.